ಮುರಗೆಪ್ಪನ ಕಣಗಿಲೆ ಬೇಲಿ

ಮಂಗಸೂಳಿಗೆ ಹೋಗುವ ಹಾದಿಯ ಮೇಲಿರುವ ಆ ಊರಿನಲ್ಲಿ ಮೊಟ್ಟಮೊದಲು ದ್ರಾಕ್ಷಿ ಹಚ್ಚಿದವನು ಮುರಗೆಪ್ಪ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಯಾರು ಎದುರಾದರೂ ಅವನು ಮೊದಲು ಹೇಳುತ್ತಿದ್ದುದು ಇದನ್ನೇ. ಊರೆಲ್ಲ ಕಬ್ಬು, ಜೋಳ ಎಂದು ಕೂತಿದ್ದಾಗ ಅವನು ತಾಸಗಾಂವ್ ಕಡೆಯಿಂದ ಬಳ್ಳಿ ತಂದ, ಕಲ್ಲುಕಂಬ ನಿಲ್ಲಿಸಿದ, ತಂತಿ ಎಳೆದ, ಮೈತುಂಬ ನೀಲಿ ಔಷಧ ಬಳಿದುಕೊಂಡು ಓಣಿಯಲ್ಲಿ ಬೇಕೆಂತಲೇ ಎರಡು ಸುತ್ತು ತಿರುಗಾಡಿದ. ಗೊಂಚಲು ಬಿಟ್ಟ ಮೇಲಂತೂ ಕೇಳಬೇಡಿ. "ನಮ್ಮ ಮಾಲು ಮುಂಬಯಿಗೆ ಹೊಕ್ಕೈತ್ರಿ" ಎಂದು ಹೇಳುವಾಗ ತಾನೇ ಮುಂಬಯಿ ಗಾಡಿ ಹತ್ತುವವನ ಹಾಗೆ ಟೊಪ್ಪಿಗೆ ಸರಿಪಡಿಸಿಕೊಳ್ಳುತ್ತಿದ್ದ.

ಆದರೆ ಮಾಲು ಮುಂಬಯಿಗೆ ಹೋಗುವ ಮೊದಲು ಬಸವಣ್ಣನ ಹೊಟ್ಟೆಗೆ ಹೋಗುತ್ತಿತ್ತು.

ಬಸವಣ್ಣ ಎಂದರೆ ಊರ ಗುಡಿಗೆ ಬಿಟ್ಟ ಖಿಲಾರಿ ಹೋರಿ. ಊರಿನಲ್ಲಿ ಯಾರೂ ಅದನ್ನು 'ಅದು' ಎನ್ನುತ್ತಿರಲಿಲ್ಲ. ಆದ್ದರಿಂದ ನಾವೂ 'ಅವನು' ಎಂದೇ ಹೇಳೋಣ. ಅವನು ಓಣಿಯಲ್ಲಿ ಬರುತ್ತಿದ್ದರೆ ಜಗಳವಾಡುತ್ತಿದ್ದ ಹೆಂಗಸರು ಜಗಳವನ್ನು ಅಲ್ಲಿಗೇ ನಿಲ್ಲಿಸಿ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು. ಮಿರಜದಿಂದ ಬರುವ ಎಸ್.ಟಿ. ಬಸ್ಸು ಹಾರ್ನ್ ಹೊಡೆಯದೆ, ಅವನು ರಸ್ತೆ ಬಿಡುವವರೆಗೆ ಕಾಯುತ್ತಿತ್ತು. ಮೂಗುದಾರವಿಲ್ಲ, ಹಗ್ಗವಿಲ್ಲ, ಒಡೆಯನಿಲ್ಲ. ಮೈ ಅಷ್ಟು ದೊಡ್ಡದು, ಹೆಜ್ಜೆಗೆ ಮಾತ್ರ ಸಪ್ಪಳವಿಲ್ಲ. ಬೆಳಗಿನ ಬಿಸಿಲಿನಲ್ಲಿ ಆ ಬಿಳಿಯ ಮೈ, ಎತ್ತರದ ಹಿಣಿಲು, ಹಿಂದಕ್ಕೆ ಬಾಗಿದ ಕೊಂಬು ಕಂಡರೆ ಎಂಥವರಿಗೂ ಕೈ ತಾನಾಗಿಯೇ ಮುಗಿಯಬೇಕು ಅನ್ನಿಸುತ್ತಿತ್ತು. ಮುರಗೆಪ್ಪನಿಗೂ ಅನ್ನಿಸುತ್ತಿತ್ತು. ಅವನ ಭಕ್ತಿ ಸುಳ್ಳಲ್ಲ, ಅದೇ ಅವನ ತೊಂದರೆ.

ಬಸವಣ್ಣ ಯಾರ ಹೊಲಕ್ಕೆ ಬಾಯಿ ಹಾಕಿದರೂ ಹೊಡೆಯುವಂತಿಲ್ಲ, ಓಡಿಸುವಂತಿಲ್ಲ, 'ಹೋಯ್' ಎನ್ನುವಂತೆಯೂ ಇಲ್ಲ. ಅವನು ಬಾಯಿ ಹಾಕಿದ್ದೇ ಆ ಹೊಲದ ಪುಣ್ಯ. ಊರ ಮಂದಿ ಈ ಪುಣ್ಯವನ್ನು ಬಹಳ ಗೌರವದಿಂದ ಪಕ್ಕದವರಿಗೆ ದಾಟಿಸುತ್ತಿದ್ದರು. ಮುರಗೆಪ್ಪನ ಹೊಲದ ಬದುವಿಗೆ, ಅಂದರೆ ಬಾಂದಿಗೆ, ಹತ್ತಿದ ನೆರೆಯವ ಬಾಬಾಸಾಹೇಬ ದಿನಾ ಮುಂಜಾನೆ ತನ್ನ ಕಬ್ಬಿನ ಮುಂದೆ ಬಸವಣ್ಣನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಬೆನ್ನು ಸವರಿ, ಮುಖವನ್ನು ಮೆಲ್ಲಗೆ ದ್ರಾಕ್ಷಿ ತೋಟದ ಕಡೆಗೆ ತಿರುಗಿಸುತ್ತಿದ್ದ. "ಮುಂದ ನಡೀರಿ ದೇವರಾ, ಅಲ್ಲಿ ಇದಕ್ಕಿಂತ ಸಿಹಿ ಐತಿ."

ತೋಟದೊಳಗೆ ಮುರಗೆಪ್ಪ ಕೈಮುಗಿದು ನಿಂತು ಬೇಡಿಕೊಳ್ಳುತ್ತಿದ್ದ.

"ಸಾಕ್ರಿ ಯಪ್ಪಾ. ಆ ಸಾಲಿಗೆ ನಿನ್ನೆ ಔಷಧ ಹೊಡದೇನ್ರಿ, ಹೊಟ್ಟಿ ಕೆಡತೈತ್ರಿ."

ಬಸವಣ್ಣ ಅವನ ಮಾತು ಕೇಳಿ, ಔಷಧ ಹೊಡೆಯದ ಸಾಲಿಗೆ ಹೋಗುತ್ತಿದ್ದ.

ಜಾಲಿ ಮುಳ್ಳಿನ ಬೇಲಿ ಹಾಕಿದ್ದಾಯಿತು. ಬಸವಣ್ಣ ಅದರ ನಡುವೆ ಹಾದು ಬಂದು ಮೈ ಕೆರೆತ ಕಳೆದುಕೊಂಡ. ತಂತಿ ಬಿಗಿದದ್ದಾಯಿತು, ಅವನು ಒರಗಿದ, ತಂತಿ ಮಲಗಿತು. ಕೊನೆಗೆ ಗುಡಿಯ ಹಿರಿಯ ಜಕ್ಕಪ್ಪನ ಮುಂದೆ ಕೂತು ಅಳಲು ತೋಡಿಕೊಂಡರೆ, ಆ ಮುದುಕ ಅಸೂಯೆಯಿಂದಲೇ ನಿಟ್ಟುಸಿರು ಬಿಟ್ಟ.

"ಎಂಥಾ ಪುಣ್ಯವಂತ ಇದ್ದೀಯೊ ಮುರಗೆಪ್ಪಾ! ನಮ್ಮ ಮೆಣಸಿನಕಾಯಿ ಹೊಲಕ್ಕ ಅಮಾಸಿಗೊಮ್ಮಿ ಬಂದ್ರ ಭಾಳ. ನಿನ್ನ ತ್ವಾಟಕ್ಕ ದಿನಾ ಬರ್ತಾನ!"

ಮುರಗೆಪ್ಪ ಆ ಪುಣ್ಯವನ್ನು ಹೊತ್ತುಕೊಂಡು ಮನೆಗೆ ಬಂದ.

ಆ ಬೇಸಿಗೆಯಲ್ಲಿ ಅವನು ಹೆಂಡತಿ ಗೌರಾಬಾಯಿಯ ಅಣ್ಣನ ಮನೆಗೆಂದು ಚಿಕ್ಕೋಡಿಗೆ ಹೋದ. ಅಣ್ಣ ವಿರುಪಾಕ್ಷಪ್ಪ ಕೋರ್ಟಿನಲ್ಲಿ ಗುಮಾಸ್ತ. ಏನು ಕೇಳಿದರೂ ಸಾಕ್ಷಿ ಹೇಳುವವರ ಹಾಗೆ ಗಂಟಲು ಸರಿಮಾಡಿಕೊಂಡೇ ಉತ್ತರ ಕೊಡುವ ಮನುಷ್ಯ. ಮಧ್ಯಾಹ್ನದ ರಣಬಿಸಿಲು. ಬೀದಿಯಲ್ಲಿ ಹುಲ್ಲುಕಡ್ಡಿ ಹಸಿರಿಲ್ಲ. ವಿರುಪಾಕ್ಷಪ್ಪನ ಅಂಗಳದಲ್ಲಿ ಮಾತ್ರ ಒಂದು ಗಿಡ, ಬೇಸಿಗೆ ಎಂಬುದೇ ತನಗೆ ಸಂಬಂಧವಿಲ್ಲದ ವಿಷಯ ಎನ್ನುವ ಹಾಗೆ, ಎಲೆ ತುಂಬಿ, ಮೈತುಂಬ ಗುಲಾಬಿ ಬಣ್ಣದ ಹೂ ಹೊತ್ತು ನಿಂತಿತ್ತು. ಬೀದಿಯ ಆಕಳೊಂದು ಬಂತು. ಹಸಿದ ಆಕಳು. ಗಿಡದ ಹತ್ತಿರ ಮೂಗು ತಂದಿತು, ಫೂ ಎಂದಿತು, ಪಕ್ಕದಲ್ಲಿ ಬಿದ್ದಿದ್ದ ಸಿಮೆಂಟ್ ಚೀಲದ ಕಾಗದವನ್ನು ಸಮಾಧಾನದಿಂದ ತಿನ್ನತೊಡಗಿತು.

ಮುರಗೆಪ್ಪನ ಕೈಯಲ್ಲಿದ್ದ ಚಹಾದ ಬಸಿ ಅಲ್ಲೇ ನಿಂತಿತು.

"ಮಾವಾರ, ಇದು ಕಣಗಲ ಅಲ್ರಿ?"

"ಕಣಗಲ. ವರ್ಷಾತು, ಬುಡಕ್ಕ ಒಂದು ತಂಬಿಗಿ ನೀರು ಹಾಕಿಲ್ಲ. ಎಲಿ ವಿಷ, ಟೊಂಗಿ ವಿಷ, ಬೇರು ವಿಷ. ಕಡದ ಒಲಿಗೆ ಹಾಕಿದ್ರ ಹೊಗಿ ಸೈತ ವಿಷ. ದನ ವಾಸನಿ ಹಿಡದ ತಿರಗತಾವು."

ಕಣಗಿಲೆ ವಿಷ ಎಂಬುದು ಮುರಗೆಪ್ಪನಿಗೆ ಗೊತ್ತಿರಲಿಲ್ಲವೆಂದಲ್ಲ. ಆ ಸೀಮೆಯಲ್ಲಿ ಅದು ಯಾರಿಗೆ ಗೊತ್ತಿಲ್ಲ? ಆದರೆ ಗೊತ್ತಿರುವುದು ಬೇರೆ, ಹೊಳೆಯುವುದು ಬೇರೆ. ಅವನು ಎದ್ದು ಹೋಗಿ ಗಿಡದ ಮುಂದೆ ನಿಂತ. ನೀರು ಕೇಳದ, ನೆರಳು ಕೇಳದ, ಯಾರ ಮೇಲೂ ಕೈಯೆತ್ತದ, ಬರೀ ಇರುವುದರಿಂದಲೇ ದನಗಳನ್ನು ದೂರ ನಿಲ್ಲಿಸುವ ಗಿಡ! ಹೊಡೆದಂತೆಯೂ ಅಲ್ಲ, ಓಡಿಸಿದಂತೆಯೂ ಅಲ್ಲ. ದೇವರು ಇದನ್ನು ತನಗಾಗಿಯೇ ಹುಟ್ಟಿಸಿದ್ದಾನೆ ಎನ್ನಿಸಿತು ಅವನಿಗೆ.

"ಹೋರಿ ಅಪ್ಪಿತಪ್ಪಿ ತಿನ್ನಂಗಿಲ್ಲ ಹೌದಲ್ರಿ?"

"ದನಕ್ಕ ನಮ್ಮಕ್ಕಿಂತ ಬುದ್ಧಿ ಐತೊ. ತಿನ್ನಂಗಿಲ್ಲ."

ಇದನ್ನು ಅವನು ಊಟಕ್ಕೆ ಕೂತಾಗ ಮತ್ತೆ ಕೇಳಿದ, ಕೈ ತೊಳೆಯುವಾಗ ಕೇಳಿದ, ಹೊರಡುವಾಗ ಹೊಸ್ತಿಲಲ್ಲಿ ನಿಂತು ಕೇಳಿದ. ವಿರುಪಾಕ್ಷಪ್ಪ ಕೊನೆಗೆ ಪ್ರಮಾಣ ಮಾಡುವವನ ಹಾಗೆ ಬಲಗೈ ಎತ್ತಿದ ಮೇಲೆಯೇ ಅವನಿಗೆ ಧೈರ್ಯ ಬಂತು.

ಮಳೆಗಾಲ ಹಿಡಿದ ಮೇಲೆ ಅವನು ಚಿಕ್ಕೋಡಿಗೆ ಮತ್ತೆ ಹೋಗಿ, ಟೊಂಗೆಗಳ ದೊಡ್ಡ ಹೊರೆ ಕಟ್ಟಿಕೊಂಡು ಬಸ್ಸು ಹತ್ತಿದ. ಕಂಡಕ್ಟರ್ ಹೊರೆಯನ್ನು ನೋಡಿ ಹುಬ್ಬು ಗಂಟಿಕ್ಕಿದ.

"ಏನ್ರಿ ಇದು? ಲಗೇಜ್ ಆಗತೈತಿ."

ನಿಜ ಹೇಳಲು ಬಾಯಿ ತೆರೆದ ಮುರಗೆಪ್ಪನಿಗೆ, ಬಸವಣ್ಣನನ್ನು ದೂರ ಇಡಲು ಎಂದು ತುಂಬಿದ ಬಸ್ಸಿನಲ್ಲಿ ಹೇಗೆ ಹೇಳುವುದು ಎಂದು ದಿಗಿಲಾಯಿತು. "ಶಿವಪೂಜಿಗ್ರಿ" ಎಂದುಬಿಟ್ಟ. "ಕಣಗಲ ಹೂವಿನ ತ್ವಾಟ ಮಾಡಾಂವ ಇದ್ದೇನ್ರಿ. ಶಿವನ ಸೇವಾ."

ಕಂಡಕ್ಟರ್ ಹೊರೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಮುದುಕಿಯೊಬ್ಬಳು ಸೀಟು ಬಿಟ್ಟುಕೊಟ್ಟಳು, ಅವನಿಗಲ್ಲ, ಹೊರೆಗೆ. ಮುರಗೆಪ್ಪ ದಾರಿಯುದ್ದಕ್ಕೂ ನಿಂತೇ ಬಂದ. ಆದರೆ ಸುಳ್ಳು ಅಷ್ಟು ಚೆನ್ನಾಗಿ ನಡೆದದ್ದು ಕಂಡು ಅವನು ಅದನ್ನೇ ಊರಿನಲ್ಲೂ ಇಳಿಸಿದ.

ಊರು ಬೆರಗಾಯಿತು. ದ್ರಾಕ್ಷಿಯ ಸುತ್ತ ಶಿವನ ಹೂವು ಹಚ್ಚುವ ಭಕ್ತಿ ಯಾರಿಗುಂಟು! ಎರಡು ಮಳೆಗಾಲ ಕಳೆಯುವುದರೊಳಗೆ ಕಣಗಿಲೆ ಆಳೆತ್ತರ ಎದ್ದಿತು. ನಡುವಿನ ಬೇಸಿಗೆಯಲ್ಲಿ ಬಾವಿ ತಳ ಕಂಡಾಗ ಬಳ್ಳಿಗಳಿಗೆ ಟ್ಯಾಂಕರ್ ತರಿಸಬೇಕಾಯಿತು. ಬೇಲಿ ಮಾತ್ರ ಒಂದು ಎಲೆ ಬಾಡಿಸಲಿಲ್ಲ. ಮುಂಜಾನೆಯಾದರೆ ಹೆಂಗಸರು ಬುಟ್ಟಿ ಹಿಡಿದು ಬಂದು ಹೂ ಹರಿಯುತ್ತಿದ್ದರು. ಗೌರಾಬಾಯಿ ತೋಟದ ಬಾಗಿಲಲ್ಲಿ ಬಕೆಟ್ ಇಟ್ಟುಕೊಂಡು ಒಬ್ಬೊಬ್ಬರನ್ನೂ ಗದರಿಸುತ್ತಿದ್ದಳು: "ಕೈ ತೊಳಕೊಂಡ ಹೋಗ್ರೆವ್ವಾ, ಟೊಂಗಿ ಮುರದ್ರ ಹಾಲು ಬರತೈತಿ, ಕಣ್ಣಿಗೆ ಮುಟ್ಟಿಸ್ಕೋಬ್ಯಾಡ್ರಿ!" ಜಕ್ಕಪ್ಪ ಗುಡಿಯ ಮುಂದೆ ಮುರಗೆಪ್ಪನಿಗೆ ಶಾಲು ಹೊದಿಸಿದ. ಮುರಗೆಪ್ಪ ಶಾಲಿನೊಳಗೆ ಬೆವೆತ.

ಬೇಲಿ ಕೂಡಿಕೊಂಡ ಮೇಲೆ ಬಸವಣ್ಣ ಅದರ ಎದುರು ಬಂದು ನಿಂತ ದಿನ ಮುರಗೆಪ್ಪ ಒಳಗಿನಿಂದ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಬಸವಣ್ಣ ಹೂವಿನ ಮುಂದೆ ಮೂಗು ತಂದ. ದೊಡ್ಡದೊಂದು ಉಸಿರು ಬಿಟ್ಟ. ಎಲೆಗಳು ಹಿಂದಕ್ಕೆ ಸರಿದವು. ತಲೆಯೆತ್ತಿ ಬೇಲಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಆಮೇಲೆ ಹೊರಳಿ, ಅವಸರವಿಲ್ಲದೆ, ಬಾಬಾಸಾಹೇಬನ ಕಬ್ಬಿಗೆ ನಡೆದ. ಗಿಡದ ಮುಂದೆ ಆ ದೊಡ್ಡ ಪ್ರಾಣಿ ಹಾಗೆ ಬಾಗಿ ಹಿಂದಿರುಗಿದ್ದು ಕಂಡು ಮುರಗೆಪ್ಪನಿಗೆ ಮೈ ಜುಮ್ಮೆಂದಿತು. ಖುಷಿಯಾಯಿತು, ಆದರೂ ಹೋಗುತ್ತಿದ್ದ ಆ ಬೆನ್ನಿಗೆ ಒಮ್ಮೆ ಕೈಮುಗಿದ.

ಬೇಲಿಯ ಕೀರ್ತಿ ಅಥಣಿಯ ತೋಟಗಾರಿಕೆ ಸಾಹೇಬರವರೆಗೂ ಹೋಗಿ, ಅವರು ಜೀಪಿನಲ್ಲಿ ಬಂದಿಳಿದರು. ಜಕ್ಕಪ್ಪ, ಬಾಬಾಸಾಹೇಬ, ಹೂವಿನ ಬುಟ್ಟಿಯ ಹೆಂಗಸರು ಎಲ್ಲ ಸುತ್ತ ನೆರೆದಿದ್ದರು. ಸಾಹೇಬರು ಬೇಲಿಯನ್ನು ನೋಡಿ ಹಿಗ್ಗಿದರು.

"ಭಾಳ ಛಲೋ ವಿಚಾರ ಮಾಡೀರಿ ಮುರಗೆಪ್ಪನವರ! ಇದರ ದೊಡ್ಡ ಗುಣ ಏನಂದ್ರ, ಜಾನುವಾರು ಇದನ್ನ..."

"ದ್ರಾಕ್ಷಿ ತಿನ್ರಿ ಸಾಹೇಬರ!" ಎಂದು ಮುರಗೆಪ್ಪ ಒಂದಿಡೀ ಗೊಂಚಲನ್ನು ಅವರ ಬಾಯಿಗೆ ಹಿಡಿದ.

"ತಿಂತೀನ್ರಿ, ಜಾನುವಾರು ಇದನ್ನ..."

"ಇದು ಬ್ಯಾರೆ ಸಾಲಿಂದ್ರಿ, ಇದನ್ನೂ ನೋಡ್ರಿ!"

ಸಾಹೇಬರು ಆ ದಿನ ಜಾನುವಾರು ಇದನ್ನ ಏನು ಮಾಡುತ್ತವೆ ಎಂಬುದನ್ನು ಹೇಳದೆಯೇ, ತುಂಬಿದ ಕೆನ್ನೆಯೊಡನೆ ಜೀಪು ಹತ್ತಿದರು. ಹೋಗುವಾಗ ಆತನ ಆತಿಥ್ಯವನ್ನು ಕೈಸನ್ನೆಯಲ್ಲೇ ಹೊಗಳಿದರು.

ಎಲ್ಲ ಇಷ್ಟಕ್ಕೇ ನಿಂತಿದ್ದರೆ ಮುರಗೆಪ್ಪ ಸುಖವಾಗಿರುತ್ತಿದ್ದ. ಆದರೆ ಬಾಬಾಸಾಹೇಬನ ಕಬ್ಬು ದಿನದಿನಕ್ಕೆ ಗಿಡ್ಡವಾಗುತ್ತಿತ್ತು. ಒಂದು ದಿನ ಚಹಾದಂಗಡಿಯಲ್ಲಿ ಅವನು ಬಸಿ ಕೆಳಗಿಟ್ಟು ಎಲ್ಲರಿಗೂ ಕೇಳುವ ಹಾಗೆ, ಮರಾಠಿ ಬೆರೆಸಿ, ಕೇಳಿದ:

"ಕಾಯ್ ಮುರಗೆಪ್ಪಾ, ಬಸವಣ್ಣ ನಿನ್ನ ತ್ವಾಟಕ್ಕ ಬರೂದ ಬಿಟ್ಟಾನಲ್ಲ? ದಿನಾ ಬರಾಂವ. ನಿನ್ನ ಬಾಗಲದಾಗ ಬರ್ತಾನ, ಫೂ ಅಂತಾನ, ಬೆನ್ನು ಮಾಡಿ ಹೊಕ್ಕಾನ. ಏನ್ ಭಾನಗಡಿ ಇದು?"

ಇದನ್ನು ಯಾರೂ ಯೋಚಿಸಿರಲಿಲ್ಲ. ಬಸವಣ್ಣ ಬಾಯಿ ಹಾಕಿದ್ದು ಪುಣ್ಯವಾದರೆ, ಫೂ ಎಂದು ತಿರುಗಿ ಹೋದದ್ದು ಏನು? ಗಿಡ ವಿಷವೆಂಬುದು ಎಲ್ಲರಿಗೂ ಗೊತ್ತಿತ್ತು, ಶಿವನ ಹೂವಿನ ಮುಂದೆ ಯಾರಿಗೂ ಹೊಳೆಯಲಿಲ್ಲ; ಲೆಕ್ಕ ಸರಳವಾಗಿತ್ತು. ಮುರಗೆಪ್ಪ ಏನೋ ಪಾಪ ಮಾಡಿದ್ದಾನೆ. ಅದೂ ಸಣ್ಣದಲ್ಲ, ಬಾಗಿಲಿಗೆ ಇಷ್ಟೊಂದು ಶಿವನ ಹೂವು ಹಚ್ಚಿದರೂ ತೊಳೆದುಹೋಗದಂಥದ್ದು!

ಸಂಜೆಯೊಳಗೆ ಪಾಪಗಳು ಹುಟ್ಟಿಕೊಂಡವು. ಅಜ್ಜನ ಕಾಲದ ಬಾಂದಿನ ಕಲ್ಲು ಸರಿಸಿದ್ದಾನೆ ಎಂದರು ಕೆಲವರು. ಮುಂಬಯಿಯಲ್ಲಿ ಅವನ ದ್ರಾಕ್ಷಿಯಿಂದ ದಾರೂ ಮಾಡುತ್ತಾರೆ, ಅದು ಬಸವಣ್ಣನಿಗೆ ತಿಳಿದಿದೆ ಎಂದರು ಇನ್ನು ಕೆಲವರು. ಕುರಿ ಕಾಯುವ ಮಾಳಸಿದ್ದ ಮಾತ್ರ "ನಮ್ಮ ಆಡೂ ಅಲ್ಲಿ ಫೂ ಅಂತಾವ್ರಿ" ಎಂದ. ಆಡುಗಳಿಗೂ ತಿಳಿದುಹೋಗಿದೆ ಎಂದು ಜನ ಕೆನ್ನೆ ಬಡಿದುಕೊಂಡರು. ಹೆಂಗಸರು ಗೌರಾಬಾಯಿಯನ್ನು ಮಾತಾಡಿಸಲು ಬರುವಾಗ ಸತ್ತ ಮನೆಗೆ ಬರುವವರ ಹಾಗೆ ಸೆರಗಿನ ತುದಿ ಬಾಯಿಗೆ ಹಿಡಿದು ಬಂದರು. ಹೋಗುವಾಗ ಹೂವು ಮಾತ್ರ ಹರಿದುಕೊಂಡೇ ಹೋದರು.

ಮಾತು ರಾಯಬಾಗಕ್ಕೂ ತಲುಪಿತು. ಅಲ್ಲಿಯ ಒಂದು ಒಳ್ಳೆಯ ಮನೆಗೆ ಮುರಗೆಪ್ಪನ ಮಗಳು ಸುಂದರಾಳನ್ನು ಕೇಳಿದ್ದರು. ನೋಡಿದ್ದಾಗಿತ್ತು, ಒಪ್ಪಿದ್ದಾಗಿತ್ತು, ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವ ಸಾಖರಪುಡಾ ಒಂದು ಬಾಕಿ. ಆ ಮನೆಯಲ್ಲಿ ವರನ ಅಜ್ಜಿ ಅಕ್ಕವ್ವ ಹೇಳಿದ್ದೇ ಮಾತು. ಅವಳು ಹೇಳಿಕಳಿಸಿದಳು: "ಬಸವಣ್ಣ ಕಾಲಿಡದ ಮನಿಯಿಂದ ನಾ ಹೆಣ್ಣು ತರಂಗಿಲ್ಲ. ಸೋಮವಾರ ಬಸವಣ್ಣನ ವಾರ. ಬಂದು ಕಣ್ಣಾರೆ ನೋಡ್ತೀನಿ. ತ್ವಾಟದಾಗ ಕಾಲಿಟ್ಟರ ಅವತ್ತ ಸಕ್ಕರಿ, ಇಡಲಿಲ್ಲಂದ್ರ ರಾಮ್ ರಾಮ್."

ಮುರಗೆಪ್ಪ ಕಟ್ಟೆಯ ಮೇಲೆ ಕುಕ್ಕರಿಸಿದ. ಸುಂದರಾ ಬಂದು ಪಕ್ಕದಲ್ಲಿ ಕೂತಳು. ಅವಳು ಎಂದೂ ಏನನ್ನೂ ಕೇಳಿದವಳಲ್ಲ.

"ಅಪ್ಪಾ, ಆ ಮನಿ ನನಗ ಮನಸಿಗೆ ಬಂದೈತಿ" ಎಂದಳು. "ನೀ ಖರೇ ಹೇಳಿಬಿಡಲ್ಲ? ಬೇಲಿ ಯಾಕ ಹಚ್ಚೀದಿ ಅಂತ ನನಗೂ ಗೊತ್ತೈತಿ, ಅವ್ವಗೂ ಗೊತ್ತೈತಿ."

"ಏನಂತ ಹೇಳ್ಲೆವ್ವಾ? ಬಸವಣ್ಣ ಬರಬಾರದಂತ ಅವನ ಹಾದ್ಯಾಗ ವಿಷದ ಗಿಡ ಹಚ್ಚೇನಿ ಅಂತ ಹೇಳ್ಲ್ಯಾ? ಈಗ ಬರೇ ಪಾಪಿ ಅಂತಾರ. ಆಮ್ಯಾಲ ಊರ ಬಿಡಸ್ತಾರ."

ಬಸವಣ್ಣನನ್ನು ಕರೆಯುವುದೇ ಸುಲಭವೆಂದು ಅವನು ನಿರ್ಧರಿಸಿದ. ಬೆಲ್ಲ ಹಿಡಿದು ಕರೆದ. ಹೋಳಿಗೆ ಹಿಡಿದು ಕರೆದ. ಹಿಂದೆ 'ಸಾಕ್ರಿ ಯಪ್ಪಾ' ಎಂದು ಬೇಡುತ್ತಿದ್ದ ಬಾಯಿಂದಲೇ "ಬರ್ರಿ ಯಪ್ಪಾ, ಒಂದ ಗೊಂಚಲಾ ತಿಂದ ಹೋಗ್ರಿ" ಎಂದು ಓಣಿಯುದ್ದಕ್ಕೂ ಹಿಂದೆ ಬಿದ್ದ. ಬಸವಣ್ಣ ಬೆಲ್ಲ ತಿಂದ, ಹೋಳಿಗೆ ತಿಂದ, ಬೇಲಿಯವರೆಗೆ ಬಂದ, ಫೂ ಎಂದ, ಹೋದ. ಮುರಗೆಪ್ಪ ಭಯಕ್ಕೆ ತೋಟದ ಬಾಗಿಲಿನ ಎರಡೂ ಮಗ್ಗುಲಿಗೆ ಗಿಡಗಳನ್ನು ಎಷ್ಟು ಒತ್ತಾಗಿ ಹಚ್ಚಿದ್ದನೆಂದರೆ ಅವನೇ ಅಡ್ಡಡ್ಡವಾಗಿ ಒಳಗೆ ಹೋಗಬೇಕಿತ್ತು. ಬಸವಣ್ಣನಿಗೆ ದಾರಿಯೇ ಇರಲಿಲ್ಲ.

ಹಾಗಾದರೆ ಬೇಲಿ ಕಡಿಯಬೇಕು. ಭಾನುವಾರ ಮುಂಜಾನೆ ಅವನು ಕೊಡಲಿ ಎತ್ತಿದ. ಎತ್ತಿದ ಕೊಡಲಿ ಇಳಿಯುವ ಮೊದಲೇ ಹೂವಿನ ಬುಟ್ಟಿಯ ಹೆಂಗಸರು ಕೂಗಿಕೊಂಡರು. ಜಕ್ಕಪ್ಪ ಕೋಲು ಊರುತ್ತ ಓಡಿ ಬಂದ.

"ಶಿವನ ಗಿಡಕ್ಕ ಕೊಡ್ಲಿ ಹಾಕ್ತೀಯೇನಲೇ? ಮಾಡಿದ ಪಾಪ ಸಾಲದಾತೇನು? ಶಾಲು ಹೊಚ್ಚೀವಿ ನಿನಗ!"

ಮುರಗೆಪ್ಪ ಕೊಡಲಿ ಕೆಳಗಿಟ್ಟ. ಬೇಲಿ ಇದ್ದರೆ ಪಾಪಿ, ಕಡಿದರೆ ಮಹಾಪಾಪಿ. ಅವನು ಕಣಗಿಲೆಯನ್ನು ದಿಟ್ಟಿಸಿದ. ನೀರಿಲ್ಲದೆ ಬೆಳೆದು, ಒಂದು ಮಾತಾಡದೆ, ದನವನ್ನೂ ಊರನ್ನೂ ಮಾಲೀಕನನ್ನೂ ಒಂದೇ ಸಮ ಹಿಡಿದು ನಿಲ್ಲಿಸಿದ ಆ ಗಿಡದ ಶಕ್ತಿಗೆ ಅವನಿಗೆ ಸಿಟ್ಟಿಗಿಂತ ಬೆರಗೇ ಹೆಚ್ಚಾಯಿತು.

ಸೋಮವಾರ ಇಳಿಹೊತ್ತಿಗೆ ರಾಯಬಾಗದವರ ಟೆಂಪೊ ಬಂದು ನಿಂತಿತು. ಮೊಮ್ಮಗ ಕಾಮಣ್ಣನ, ಅಂದರೆ ವರನ, ತೋಳು ಹಿಡಿದು ಅಕ್ಕವ್ವ ಇಳಿದಳು. ಹಸಿರು ಇಳಕಲ್ ಸೀರೆ, ಹಣೆತುಂಬ ವಿಭೂತಿ, ಯಾರನ್ನೂ ನೋಡಿ ನಗದ ಮುಖ. ಟೆಂಪೊದಲ್ಲಿ ಸಕ್ಕರೆಯ ಚೀಲವಿತ್ತು; ಅದನ್ನು ಇಳಿಸಬೇಡಿ ಎಂದಳು. ಊರಿಗೆ ಊರೇ ತೋಟದ ಮುಂದೆ ನೆರೆದಿತ್ತು. ಚಿಕ್ಕೋಡಿಯ ವಿರುಪಾಕ್ಷಪ್ಪನೂ ಬಂದಿದ್ದ. ತಂಗಿಯ ಮನೆಯ ಗತಿ ನೋಡಿ ಅವನಿಗೆ ಗಂಟಲು ಸರಿಮಾಡಿಕೊಳ್ಳುವುದೂ ಆಗುತ್ತಿರಲಿಲ್ಲ.

ಬಸವಣ್ಣ ಬಂದ. ಯಾರೂ ಕರೆಯಲಿಲ್ಲ. ಇಳಿಬಿಸಿಲು ಅವನ ಬೆನ್ನ ಮೇಲಿತ್ತು. ಜನ ಎರಡು ಪಾಲಾಗಿ ಸರಿದು ನಿಂತರು. ಅಕ್ಕವ್ವ ಕೂಡ ಕೈಮುಗಿದಳು. ಅವನು ಬೇಲಿಯ ಮುಂದೆ ನಿಂತ. ಮೂಗು ಮುಂದೆ ಮಾಡಿದ. ಮಂದಿಯ ಉಸಿರು ನಿಂತಿತು.

"ಫೂ" ಎಂದ.

ಹೊರಳಿ ಹೋಗಿ ಎದುರಿನ ಬೇವಿನ ಮರದ ಕೆಳಗೆ ಮಲಗಿದ. ಮಂದಿಯ ಬಾಯಿಂದ 'ಅಯ್ಯಯ್ಯೋ' ಹೊರಟಿತು. ಅಕ್ಕವ್ವ ಮೊಮ್ಮಗನ ಕಡೆ ತಿರುಗಿ "ಗಾಡಿ ಚಾಲೂ ಮಾಡು" ಎಂದಳು. ಸುಂದರಾ ತೋಟದ ಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳು ಅಳಲಿಲ್ಲ, ತಂದೆಯ ಮುಖವನ್ನಷ್ಟೇ ನೋಡಿದಳು. ಮುರಗೆಪ್ಪನಿಗೆ ಅದನ್ನು ತಡೆಯಲಾಗಲಿಲ್ಲ. ಟೊಪ್ಪಿಗೆ ತೆಗೆದು ನೆಲಕ್ಕೆ ಹಾಕಿದ.

"ನಿಂದರ್ರಿ ಆಯೀ! ಬಸವಣ್ಣ ನಮ್ಮ ಮ್ಯಾಲ ಸಿಟ್ಟಾಗಿಲ್ಲ. ನಾನ ಅವನ್ನ ಬರಬ್ಯಾಡ ಅಂದಾಂವ. ಶಿವಪೂಜಿ ಗಿವಪೂಜಿ ಎಲ್ಲಾ ಸುಳ್ಳ! ದನ ಇದನ್ನ ಮುಟ್ಟಂಗಿಲ್ಲಂತ ಚಿಕ್ಕೋಡಿಯಿಂದ ಹೊತ್ತ ತಂದು ಹಚ್ಚೇನಿ. ದಿನಾ ತಿಂದ್ರ ನಾ ಏನ ಮಾಡ್ಲಿ? ಹೊಡ್ಯಾಕ ಕೈ ಬರಲಿಲ್ಲ, ಬಿ‌ಡಾಕ ಮನಸ ಬರಲಿಲ್ಲ. ದ್ವಾಷ ನಂದು. ನನ್ನ ಮಗಳದೇನೂ ತಪ್ಪಿಲ್ಲ. ನನ್ನ ಊರ ಬಿಡಸ್ರಿ, ಆಕಿ ಲಗ್ನ ಮುರೀಬ್ಯಾಡ್ರಿ."

ಜಕ್ಕಪ್ಪನ ಕೋಲು ಮೇಲೆದ್ದಿತು. "ಬಸವಣ್ಣಗ ಅಡ್ಡಗಾಲ ಹಾಕಿದ್ಯಾ? ಬಸವಣ್ಣಗ!" ಕೋಲು ಅಲ್ಲಿಯೇ ನಿಂತಿತು. ಅಕ್ಕವ್ವ ಟೆಂಪೊದ ಮೆಟ್ಟಿಲ ಮೇಲಿಟ್ಟಿದ್ದ ಕಾಲನ್ನು ತೆಗೆದು, ನಿಧಾನವಾಗಿ ನಡೆದು ಬಂದು, ಬೇಲಿಯ ಎದುರು ನಿಂತಳು. ಬಸವಣ್ಣ ನೋಡಿದ್ದ ಹಾಗೆಯೇ ಅವಳೂ ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇಷ್ಟ ಎತ್ತರ ಆಗಾಕ ಎಷ್ಟ ದಿನ ಹಿಡೀತು?"

ಮುರಗೆಪ್ಪ ಕಣ್ಣು ಒರೆಸಿಕೊಂಡ. "ಎರಡು ಮಳಿಗಾಲ ಕಂಡೈತ್ರಿ ಆಯೀ."

"ನೀರು?"

"ಹಚ್ಚಿದಾಗ ಹಾಕಿದ್ದ ಅಷ್ಟರಿ."

"ಆಡು, ಕುರಿ?"

"ಬಾಯಿ ಹಚ್ಚಂಗಿಲ್ರಿ."

"ಬಸವಣ್ಣ?"

"ಈಗ ನೀವ ನೋಡಿದ್ರಲ್ರಿ."

ಅಕ್ಕವ್ವ ರಾಯಬಾಗದ ದಿಕ್ಕಿಗೆ ತಿರುಗಿ ಭಕ್ತಿಯಿಂದ ಕೈ ಮುಗಿದಳು. "ನಮ್ಮ ಬಾಳಿ ತ್ವಾಟಕ್ಕೂ ಒಬ್ಬ ಬಸವಣ್ಣ ಬರ್ತಾನ" ಎಂದಳು. ಅವಳ ದನಿ ಮೊದಲ ಸಲ ಸಣ್ಣದಾಗಿತ್ತು. "ಹನ್ನೆರಡೂ ತಿಂಗಳು ಬರ್ತಾನ. ದೇವರು, ಏನರೆ ಅನ್ನಾಕ ಬರತೈತಿ? ನನ್ನ ಮಾವ ಸಾಯೂ ಮುಂದ ಸೈತ 'ಬಸವಣ್ಣ ಬಂದ್ನೇನು' ಅಂತ ಕೇಳಿ ಸತ್ತ." ಆಮೇಲೆ ಮೊಮ್ಮಗನಿಗೆ ಹೇಳಿದಳು: "ಕಾಮಣ್ಣಾ, ಗಾಡಿ ಬಂದ ಮಾಡು. ಕುಡಗೋಲು ತಾ. ಛಲೋ ದಪ್ಪನ್ನೂ ನೋಡಿ ಒಂದ ಹೊರಿ ಟೊಂಗಿ ಕಡಿ."

ಬಾಬಾಸಾಹೇಬ ಜನರನ್ನು ಸರಿಸಿಕೊಂಡು ಮುಂದೆ ಬಂದ. "ಅರೇ, ಬಾಂದ ಹಚ್ಚಿ ನಾ ಇದ್ದೇನಿ, ಮೊದಲ ಹಕ್ಕ ನಂದು! ಮುರಗೆಪ್ಪಾ, ಇಂಥಾ ಶಾಣ್ಯಾತನ ನಿನ್ನ ತಲ್ಯಾಗ ಎಲ್ಲಿತ್ತೋ? ಒಂದ ಮಾತ ನನಗ ಹೇಳಬಾರದಾ?" ಅವನ ಹಿಂದೆ ಜೋಳದವರು ಬಂದರು, ಬದನೆಯವರು ಬಂದರು, ಕಬ್ಬಿನವರು ಬಂದರು. ಊರಿನವರೆಲ್ಲ ವರ್ಷಗಟ್ಟಲೆ ಒಬ್ಬರಿಗೊಬ್ಬರು ಹೇಳದೆ ನುಂಗಿಕೊಂಡ ಸಂಕಟ ಒಂದೇ ಸಲ ಕುಡಗೋಲು ಹಿಡಿದು ಹೊರಬಿತ್ತು. ಜಕ್ಕಪ್ಪ ಕೋಲು ಇಳಿಸಿದ. ಸ್ವಲ್ಪ ಹೊತ್ತು ಆಕಾಶ ನೋಡಿದ. ಆಮೇಲೆ ಮುರಗೆಪ್ಪನ ಕಿವಿಯ ಹತ್ತಿರ ಬಂದು ಗಂಭೀರವಾಗಿ ಹೇಳಿದ:

"ನಮ್ಮ ಮೆಣಸಿನಕಾಯಿ ಹೊಲದ ಸುತ್ತ ಆಗೂವಷ್ಟು ನನಗೂ ತಗದಿಡು. ಶಿವಪೂಜಿಗೆ."

ಗೌರಾಬಾಯಿ ಬಕೆಟ್ ಹಿಡಿದು ಮಂದಿಯ ನಡುವೆ ಓಡಾಡಿದಳು. "ಕೈ ತೊಳಕೋರಿ! ಹಸೀ ಟೊಂಗಿ ಹಲ್ಲಾಗ ಹಿಡೀಬ್ಯಾಡ್ರಿ! ಬಾಬಾಸಾಹೇಬಣ್ಣಾ, ನಿಮಗ ಹೇಳಾಕತ್ತೇನಿ!" ಯಾರು ಕೇಳುತ್ತಾರೆ? ಬುಡದ ಟೊಂಗೆ ಬೇಗ ಬೇರು ಬಿಡುತ್ತದೆ ಎಂದು ವಿರುಪಾಕ್ಷಪ್ಪ ಸಾಕ್ಷಿ ನುಡಿದದ್ದೇ ತಡ, ಮಂದಿ ಬುಡಕ್ಕೇ ಕೈ ಹಾಕಿದರು. ಹೂವಿನ ಬುಟ್ಟಿಯ ಹೆಂಗಸರು ಟೊಂಗೆ ಮುರಿದರು. ಬಸ್ಸು ನಿಲ್ಲಿಸಿ ಇಳಿದು ಬಂದವರೂ ಏನು ಎತ್ತ ಎಂದು ಕೇಳದೆ ಒಂದೊಂದು ಹಿಡಿ ಮುರಿದುಕೊಂಡರು. ಮುರಗೆಪ್ಪನಿಗೆ ಕೊಡಲಿ ಹಾಕಲಾಗದ ಬೇಲಿ, ಹೊತ್ತು ಮುಳುಗುವುದರೊಳಗೆ, ಹಸಿರು ಹೊರೆಗಳಾಗಿ ಕಂಕುಳು ಸೇರಿ ಊರಿನ ಎಲ್ಲ ದಿಕ್ಕಿಗೆ ಹೊರಟಿತು. ಉಳಿದದ್ದು ಗೇಣುದ್ದದ ಕೂಳೆ, ಅಲ್ಲಲ್ಲಿ ಚೆಲ್ಲಿದ ಗುಲಾಬಿ ಎಸಳು, ಮತ್ತು ಮುಂದಿನ ವಾರ ಲಾರಿ ಏರಬೇಕಾಗಿದ್ದ ಗೊಂಚಲುಗಳನ್ನು ಹೊತ್ತು ತೆರೆದು ನಿಂತ ತೋಟ.

ಆಗ ಬಸವಣ್ಣ ತಲೆ ಎತ್ತಿದ. ಈ ಗಲಾಟೆಯಲ್ಲಿ ಎಲ್ಲರೂ ಅವನನ್ನು ಮರೆತೇಬಿಟ್ಟಿದ್ದರು. ಅವನು ಎದುರಿನ ಬೇವಿನ ಮರದ ಕೆಳಗಿನಿಂದ ಎದ್ದು, ಕಂಕುಳಲ್ಲಿ ಕಣಗಿಲೆ ಹಿಡಿದ ಭಕ್ತರ ನಡುವಿನಿಂದ ಹಾದು ಬಂದ. ಒಬ್ಬೊಬ್ಬರೇ ಹೊರೆಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ತಲೆ ಬಾಗಿಸಿದರು. ಬಸವಣ್ಣ ಕೂಳೆಗಳ ಮುಂದೆ ನಿಂತ. ಮೂಗು ಕೆಳಗೆ ತಂದ. ಮಂದಿ ಅವನು ಫೂ ಎನ್ನುತ್ತಾನೆಂದು ಕಾದರು. ಅವನು ಏನೂ ಅನ್ನಲಿಲ್ಲ. ಬಲಗಾಲು ಎತ್ತಿ, ಕೂಳೆ ದಾಟಿ, ತೋಟದ ಮಣ್ಣಿನಲ್ಲಿ ಇಟ್ಟ.

"ಕಾಲಿಟ್ಟ!" ಎಂದು ಅಕ್ಕವ್ವ ಕೂಗಿದಳು. ಅವಳ ಕಣ್ಣಲ್ಲಿ ನಿಜವಾದ ನೀರಿತ್ತು. "ಸಕ್ಕರಿ ಇಳಸ್ರಿ!"

ಬಾಗಿಲ ಮರೆಯಲ್ಲಿ ಸುಂದರಾ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ವರ ಕಾಮಣ್ಣ ಕೈಯಲ್ಲಿದ್ದ ಕಣಗಿಲೆ ಹೊರೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಅದನ್ನೇ ತಬ್ಬಿಕೊಂಡು ನಿಂತಿದ್ದ. ಯಾರೋ ಮುರಗೆಪ್ಪನ ಬಾಯಿಗೆ ಒಂದು ಮುಷ್ಟಿ ಸಕ್ಕರೆ ಹಾಕಿದರು. ಬಸವಣ್ಣ ಮೊದಲ ಸಾಲಿಗೆ ಹೋಗಿ, ವರ್ಷದ ಎಲ್ಲಕ್ಕಿಂತ ದೊಡ್ಡ ಗೊಂಚಲಿನ ಕೆಳಗೆ ನಿಂತು ಕುತ್ತಿಗೆ ಚಾಚಿದ. ಅದು ಎತ್ತರದಲ್ಲಿತ್ತು. ನಾಲಗೆಗೆ ಸ್ವಲ್ಪದರಲ್ಲಿ ನಿಲುಕಲಿಲ್ಲ.

ಮುರಗೆಪ್ಪ ಬಾಯಲ್ಲಿದ್ದ ಸಕ್ಕರೆ ನುಂಗಿದ. ಮಗಳ ಕಡೆ ಒಮ್ಮೆ ನೋಡಿದ. ಆಮೇಲೆ ಹೋಗಿ, ಎರಡೂ ಕೈಯಿಂದ ಬಳ್ಳಿಯನ್ನು ಕೆಳಗೆ ಬಗ್ಗಿಸಿ ಬಸವಣ್ಣನ ಬಾಯಿಗೆ ಹಿಡಿದ.

"ತಿನ್ರಿ ಯಪ್ಪಾ" ಎಂದ. "ಇದಕ್ಕ ಔಷಧ ಹೊಡದಿಲ್ರಿ."